ಗಾರೆ ಕಲಸುವ ಕೈ ಮಿಕ್ಸರ್: ಯಾವ ಕೆಲಸಕ್ಕೆ ಯಾವುದು?

ಕೈಯಲ್ಲಿ ಹಿಡಿದು ಗಾರೆ ಕಲಸುವ ಮಿಷನ್ ಬೇಕೆಂದು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ವ್ಯಾಟ್ ಲೆಕ್ಕ. ಇದು 1400, ಇದು 1800, ಇದು 2100, ಸ್ವಲ್ಪವೇ ಜಾಸ್ತಿ, ದೊಡ್ಡದನ್ನೇ ತಗೊಂಡುಬಿಡಿ ಅನ್ನುತ್ತಾರೆ. ಮನೆಯಲ್ಲಿ ಆಗಲೇ ಡ್ರಿಲ್ಲಿಂಗ್ ಮಿಷನ್ ಇದ್ದವರಿಗೆ ಬೇರೆ ಆಸೆ: ಕೆಲವು ನೂರು ರೂಪಾಯಿಯ ಕಲಸುವ ರಾಡ್ ಸಿಕ್ಕಿಸಿಕೊಂಡರೆ ಆಗದೇ? ಮೇಸ್ತ್ರಿಯನ್ನು ಕೇಳಿದರೆ ಇದ್ಯಾವುದೂ ಬೇಡ, ಸಲಿಕೆ ಸಾಕು ಅನ್ನುತ್ತಾರೆ. ಮೂವರ ಮಾತೂ ಒಂದೊಂದು ಕೆಲಸಕ್ಕೆ ಸರಿ, ಉಳಿದವಕ್ಕೆ ತಪ್ಪು. ಹಾಗಾಗಿ ಮಿಷನ್ ನೋಡುವ ಮೊದಲು ಬಕೆಟ್ ನೋಡಬೇಕು.

ಬಕೆಟ್‌ನಲ್ಲಿ ಏನಿದೆ, ದಿನಕ್ಕೆ ಎಷ್ಟು ಬಕೆಟ್

ಗಿಲಾವು ಅಂದರೆ ಒಂದೇ ವಸ್ತುವಲ್ಲ. ವಾಲ್ ಪುಟ್ಟಿ, ಜಿಪ್ಸಮ್ ಪ್ಲಾಸ್ಟರ್, ಟೈಲ್ ಅಂಟು, ಚೀಲದಲ್ಲಿ ಬರುವ ರೆಡಿಮಿಕ್ಸ್, ಸಿಮೆಂಟ್–ಎಂ ಸ್ಯಾಂಡ್ ಗಾರೆ ಇವೆಲ್ಲ ಮಿಷನ್ನಿಗೆ ಬೇರೆ ಬೇರೆ ಹೊರೆ. ಪುಟ್ಟಿ 20 ಕೆಜಿಗೆ ಸುಮಾರು 7–8 ಲೀಟರ್ ನೀರು ಕುಡಿಯುತ್ತದೆ, ಮೊಸರಿನ ಹದಕ್ಕೆ ಬರುತ್ತದೆ. ಜಿಪ್ಸಮ್ 25 ಕೆಜಿ ಚೀಲಕ್ಕೆ 15–17 ಲೀಟರ್ ಬೇಕು, ಅದೂ ಮೃದುವೇ. ಟೈಲ್ ಅಂಟು 20 ಕೆಜಿಗೆ ಸುಮಾರು 5 ಲೀಟರ್ ಮಾತ್ರ. ಮೇಣದ ಹಾಗೆ ಅಂಟಿಕೊಂಡು ರಾಡನ್ನು ಹಿಡಿದೆಳೆಯುತ್ತದೆ. ಎಲ್ಲಕ್ಕಿಂತ ಭಾರ ಮರಳಿನ ಗಾರೆ: ಒಂದು ಲೀಟರ್ ಹಸಿ ಮಾಲು ಎರಡು ಕೆಜಿಗಿಂತ ಹೆಚ್ಚು ತೂಗುತ್ತದೆ, ಮರಳು ತಳಕ್ಕೆ ಕೂರುತ್ತದೆ, ಎಂ ಸ್ಯಾಂಡ್‌ನ ಚೂಪು ಕಣಗಳು ರಾಡನ್ನು ಸವೆಸುತ್ತವೆ. (ನೀರಿನ ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಚೀಲದ ಮೇಲೆ ಅಚ್ಚಾಗಿರುವುದೇ ಕೊನೆಯ ಮಾತು.)

ಈಗ ಲೆಕ್ಕ. ಖಾಲಿ 20 ಲೀಟರ್ ಪೇಂಟ್ ಬಕೆಟ್‌ನಲ್ಲಿ 12 ಲೀಟರಿಗಿಂತ ಹೆಚ್ಚು ಗಾರೆ ಕಲಸಲು ಹೋಗಬಾರದು. ತುಂಬಿದರೆ ಗೋಡೆಗಿಂತ ಮೊದಲು ನಿಮ್ಮ ಮೈಗೇ ಗಿಲಾವು ಆಗುತ್ತದೆ. ಒಂದು ಲೀಟರ್ ಮಗ್ಗಿನಲ್ಲಿ 3 ಮಗ್ ಸಿಮೆಂಟ್, 12 ಮಗ್ ಎಂ ಸ್ಯಾಂಡ್, ಅಂದರೆ ಒಂದಕ್ಕೆ ನಾಲ್ಕು. ಮರಳು ಒಣಗಿದ್ದರೆ 3 ಲೀಟರಿನ ಆಸುಪಾಸು ನೀರು. ಇದರಿಂದ ಸಿಗುವುದು ಸುಮಾರು 12 ಲೀಟರ್, 25 ಕೆಜಿಯಷ್ಟು ಮಾಲು. 12 ಮಿಲಿಮೀಟರ್ ದಪ್ಪದಲ್ಲಿ ಹೊಡೆದರೆ, ಉದುರಿದ್ದು ಕಳೆದು, ಎಂಟರಿಂದ ಹತ್ತು ಚದರಡಿ. ಹತ್ತಡಿಗೆ ಹತ್ತಡಿ ಕೋಣೆಯ ನಾಲ್ಕು ಗೋಡೆ ಬಾಗಿಲು ಕಿಟಕಿ ಬಿಟ್ಟು 350 ಚದರಡಿ ಅಂದುಕೊಳ್ಳಿ: ನಲವತ್ತು ಬಕೆಟ್, ಸುಮಾರು ಒಂದು ಟನ್. ಅದನ್ನು ಕೈ ಮಿಕ್ಸರಿನಲ್ಲಿ ಕಲಸುತ್ತೇನೆ ಅನ್ನುವವರಿಗೆ ಮೇಸ್ತ್ರಿ ಸಲಿಕೆ ತೋರಿಸುವುದು ಸುಮ್ಮನೆ ಅಲ್ಲ. ಕಬ್ಬಿಣದ ತಗಡಿನ ಮೇಲೆ ಇಬ್ಬರು ಆಳು ಒಂದು ಮೂಟೆ ಸಿಮೆಂಟಿನ ಮಾಲನ್ನು ಒಟ್ಟಿಗೇ ಕಲಸಿ ಹಾಕುತ್ತಾರೆ. ಇಲ್ಲವೇ ಸಣ್ಣ ಡ್ರಮ್ ಮಿಕ್ಸರ್ ಬಾಡಿಗೆಗೆ ಸಿಗುತ್ತದೆ. ದಿನಕ್ಕೆ ನೂರು ಚದರಡಿ ದಾಟುವ ಮರಳಿನ ಗಿಲಾವಿಗೆ ಕೈ ಮಿಕ್ಸರ್ ಕೊಳ್ಳುವ ಯೋಚನೆಯನ್ನೇ ಬಿಡಿ.

ಆದರೆ ಪೈಪ್ ಹಾಕಲು ಒಡೆದ ಗೋಡೆ ಮುಚ್ಚುವುದು, ತೇವ ಹಿಡಿದು ಉದುರಿದ ಕಡೆ ಕೆತ್ತಿ ಹೊಸದಾಗಿ ಹೊಡೆಯುವುದು, ಒಂದು ಬಾತ್‌ರೂಮಿನ ಟೈಲ್, ಇಡೀ ಮನೆಯ ಪುಟ್ಟಿ, ಒಂದೆರಡು ಕೋಣೆಯ ಜಿಪ್ಸಮ್, ಇಂಥ ಕಡೆ ಕೈ ಮಿಕ್ಸರ್ ದುಡ್ಡಿಗೆ ಮೋಸವಿಲ್ಲ. ಪುಟ್ಟಿ, ಟೈಲ್ ಅಂಟು ಕೈಯಲ್ಲಿ ಕಲಸಿದರೆ ಗಂಟು ಉಳಿಯುವುದು ಹೆಚ್ಚುಕಮ್ಮಿ ಖಾತ್ರಿ. ಜಿಪ್ಸಮ್‌ನದ್ದು ಇನ್ನೂ ಅವಸರ: ನೀರಿಗೆ ಬಿದ್ದ ಇಪ್ಪತ್ತು–ಇಪ್ಪತ್ತೈದು ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ, ಕೋಲಿನಿಂದ ಗಂಟು ಒಡೆಯುತ್ತಾ ಕೂರುವಷ್ಟು ವ್ಯವಧಾನ ಅದಕ್ಕಿಲ್ಲ.

ವ್ಯಾಟ್ ಅಲ್ಲ, ಹೊರೆ ಬಿದ್ದಾಗಿನ ಸುತ್ತು

ಎರಡನೇ ಮಾನದಂಡ ವೇಗ. ಇಲ್ಲೇ ಹೆಚ್ಚಿನವರು ಎಡವುವುದು. ಗಾರೆ, ಅಂಟು ಕಲಸಲು ನಿಮಿಷಕ್ಕೆ 400ರಿಂದ 600 ಸುತ್ತು ಬೇಕು, ಅದಕ್ಕಿಂತ ಹೆಚ್ಚು ಬೇಡ. ಜೋರಾಗಿ ತಿರುಗಿದರೆ ಗಾಳಿ ಒಳಗೆ ಸೇರುತ್ತದೆ. ಪುಟ್ಟಿ ಒಣಗಿದ ಮೇಲೆ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ, ಗಾರೆಯ ಗಟ್ಟಿತನವೂ ಇಳಿಯುತ್ತದೆ. ಜಿಪ್ಸಮ್ಮನ್ನು ಅತಿಯಾಗಿ ಅರೆದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ.

ಮನೆಯಲ್ಲಿರುವ 13 ಮಿ.ಮೀ. ಚಕ್‌ನ (ಬಿಟ್ ಹಿಡಿಯುವ ಬಾಯಿ) ಸಾಮಾನ್ಯ ಡ್ರಿಲ್ ಖಾಲಿ ಓಡುವಾಗ ನಿಮಿಷಕ್ಕೆ 2800–3000 ಸುತ್ತು ಹೊಡೆಯುತ್ತದೆ. ಟ್ರಿಗರ್ ಅರ್ಧ ಒತ್ತಿ ಅದನ್ನು 500ಕ್ಕೆ ಇಳಿಸಬಹುದು ನಿಜ, ಆದರೆ ಆಗ ಮೋಟಾರೇ ನಿಧಾನವಾಗುತ್ತದೆ. ಮೋಟಾರನ್ನು ತಣ್ಣಗಿಡುವ ಫ್ಯಾನ್ ಅದರ ತಿರುಗುವ ಭಾಗವಾದ ಆರ್ಮೇಚರಿನ ಶಾಫ್ಟ್ ಮೇಲೇ ಇದೆ. ಮೋಟಾರ್ ನಿಧಾನ, ಫ್ಯಾನ್ ನಿಧಾನ, ಹೊರೆ ಮಾತ್ರ ಪೂರ್ತಿ. ಕರೆಂಟು ಏರುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ಮೊದಲು ವಾರ್ನಿಶ್ ವಾಸನೆ, ಆಮೇಲೆ ಗಾಳಿ ಕಿಂಡಿಯಲ್ಲಿ ಕಿಡಿ, ಆಮೇಲೆ ವೈಂಡಿಂಗ್ ಅಂಗಡಿ. ಕಲಸಲೆಂದೇ ಮಾಡಿದ ಮಿಷನ್ನಿನಲ್ಲಿ ಮೋಟಾರ್ ಜೋರಾಗಿಯೇ ಓಡುತ್ತದೆ, ವೇಗವನ್ನು ಇಳಿಸುವುದು ಗೇರು. ವ್ಯತ್ಯಾಸ ಇಷ್ಟೇ, ಆದರೆ ಬೆಲೆ ಏಕೆ ಹೆಚ್ಚು ಅನ್ನುವುದಕ್ಕೆ ಉತ್ತರವೂ ಇದೇ.

ಕರೆಂಟು

ಮೂರನೆಯದು ನಿಮ್ಮ ಮನೆಯ ಪ್ಲಗ್ ಪಾಯಿಂಟ್. 1400 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್, 1600 ಅಂದರೆ 7. ಟಿವಿ ಪಕ್ಕದ 6 ಆಂಪಿಯರ್ ಸಾಕೆಟ್ಟಿಗೆ ಇದು ಸೇರಿದ್ದಲ್ಲ. ಗೀಸರ್, ವಾಷಿಂಗ್ ಮಿಷನ್ನಿಗೆಂದು ಹಾಕಿಸಿದ 16 ಆಂಪಿಯರ್ ಪಾಯಿಂಟ್ ಬಳಸಿ. ಎಕ್ಸ್‌ಟೆನ್ಶನ್ ಬೇಕಾದರೆ 15 ಮೀಟರ್ ತನಕ 1.5 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೂ ಉದ್ದವಾದರೆ 2.5. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟೇ ಓಡಿಸಿದರೆ ಒಳಗಿನ ಪದರ ಮೆತ್ತಗಾಗುತ್ತದೆ. ನೀರು, ಒದ್ದೆ ನೆಲ, ಕರೆಂಟು ಮೂರೂ ಒಂದೇ ಜಾಗದಲ್ಲಿರುವ ಕೆಲಸವಿದು, ಹಾಗಾಗಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕತ್ತರಿಸುವ ಸ್ವಿಚ್) ಇಲ್ಲದ ಲೈನಿನಲ್ಲಿ ಶುರು ಮಾಡಬೇಡಿ.

ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ಮೋಟಾರಿನ ಶಕ್ತಿ ಹತ್ತಿರ ಹತ್ತಿರ ಅರುವತ್ತು ಪರ್ಸೆಂಟಿಗೆ ಬರುತ್ತದೆ. 1200 ವ್ಯಾಟಿನ ಮಿಷನ್ ಆಗ 700ರದ್ದಾಯಿತು. ಅಂಥ ಕಡೆ ಒಂದು ಮೆಟ್ಟಿಲು ದೊಡ್ಡದು ಕೊಳ್ಳುವುದಕ್ಕೆ ಅರ್ಥವಿದೆ, ಅಥವಾ ಬಕೆಟ್‌ಗೆ ಅರ್ಧ ಮಾತ್ರ ಹಾಕಿ. ಮನೆಯ ಸಾಮಾನ್ಯ ಇನ್ವರ್ಟರಿನಲ್ಲಿ ಇದು ಓಡುವುದಿಲ್ಲ. ಕರೆಂಟು ಕೈಕೊಡುವ ಊರಾದರೆ ಜಿಪ್ಸಮ್ಮಿನ ಪುಡಿಯನ್ನು ನೀರಿಗೆ ಸುರಿಯುವ ಮೊದಲು ಮಿಷನ್ ಒಮ್ಮೆ ಆನ್ ಮಾಡಿ ನೋಡಿಕೊಳ್ಳಿ.

ಆಯ್ಕೆಗಳು

*ಇರುವ ಡ್ರಿಲ್ಲಿಗೆ ರಾಡ್.* ಖರ್ಚು ಕೆಲವೇ ನೂರು. ಬಣ್ಣ ಕಲಕಲು, 4–5 ಕೆಜಿ ಪುಟ್ಟಿಗೆ, ವಾಟರ್‌ಪ್ರೂಫಿಂಗ್ ಸ್ಲರಿಗೆ ಚೆನ್ನಾಗಿಯೇ ನಡೆಯುತ್ತದೆ. 80 ಮಿ.ಮೀ.ಗಿಂತ ಅಗಲದ ರಾಡ್ ಹಾಕಬೇಡಿ, ಸುತ್ತಿಗೆ ಗುರುತಿನ ಗುಂಡಿ ಡ್ರಿಲ್ ಕಡೆಗೇ ಇರಲಿ, ಪಕ್ಕದ ಹಿಡಿಕೆ ಕಡ್ಡಾಯ. ಒಂದು ನಿಮಿಷ ಕಲಸಿದರೆ ಮೂರು ನಿಮಿಷ ಬಿಡುವು. ಬಿಡುವಿನಲ್ಲಿ ಅರ್ಧ ನಿಮಿಷ ಖಾಲಿ, ಪೂರ್ತಿ ವೇಗದಲ್ಲಿ ಓಡಿಸಿದರೆ ಫ್ಯಾನಿನ ಗಾಳಿಗೆ ಮೋಟಾರ್ ತಣಿಯುತ್ತದೆ. ಟೈಲ್ ಅಂಟು, ಮರಳಿನ ಗಾರೆ ಇದರಲ್ಲಿ ಬೇಡವೇ ಬೇಡ. ಒಂದು ಬಕೆಟ್ ಆಯಿತಲ್ಲ ಅಂತ ಧೈರ್ಯ ಬಂದು ಮೂರನೆಯದಕ್ಕೆ ಕೈ ಹಾಕಿದಾಗಲೇ ಡ್ರಿಲ್ ಸುಡುವುದು.

*ರೋಟರಿ ಹ್ಯಾಮರ್.* ಗೋಡೆ ತೂತು ಮಾಡುವ, ಎಸ್‌ಡಿಎಸ್ ಬಿಟ್ (ಬುಡದಲ್ಲಿ ಗಾಡಿ ಇದ್ದು, ಒತ್ತಿದರೆ ಸಿಕ್ಕಿಕೊಳ್ಳುವ ಬಿಟ್) ಹಿಡಿಯುವ 800 ವ್ಯಾಟಿನ ಮಿಷನ್. ಇದರ ಸುತ್ತು 900–1000ದ ಆಸುಪಾಸು, ಒಳಗೆ ಗಟ್ಟಿ ಗೇರು, ಸಿಕ್ಕಿಕೊಂಡರೆ ಜಾರುವ ಕ್ಲಚ್. ಬರೀ ತಿರುಗುವ ಮೋಡ್ ಇರುವ ಮಾದರಿಯಾದರೆ ಸಾಮಾನ್ಯ ಡ್ರಿಲ್ಲಿಗಿಂತ ಎಷ್ಟೋ ಮೇಲು. 10 ಕೆಜಿ ಪುಟ್ಟಿ, ಅರ್ಧ ಚೀಲ ಜಿಪ್ಸಮ್ ಸಲೀಸು. ಕೊರತೆ ಒಂದೇ: ಎಸ್‌ಡಿಎಸ್ ಹಿಡಿತದಲ್ಲಿ ಬಿಟ್ ಸ್ವಲ್ಪ ಸಡಿಲವಾಗಿರುವುದು ಅದರ ಗುಣ. ಉದ್ದನೆಯ ರಾಡ್ ಅಡ್ಡಡ್ಡ ಎಳೆದಾಗ ತುದಿ ತೂರಾಡುತ್ತದೆ, ದಿನಗಟ್ಟಲೆ ಬಳಸಿದರೆ ಮುಂದಿನ ಬುಷ್ ಸವೆಯುತ್ತದೆ. ಒಂದು ಬಾತ್‌ರೂಮ್, ಒಂದು ಕೋಣೆ ಮಾಡಿ ಮುಗಿಸುವವರಿಗೆ ಸಾಕು.

*ಹೆಸರಿಲ್ಲದ 1400–2100 ವ್ಯಾಟಿನ ಮಿಕ್ಸರ್.* ಅಂದಾಜು ಮೂರರಿಂದ ಆರು ಸಾವಿರ ರೂಪಾಯಿ. ಎರಡು ಕೈ ಹಿಡಿಕೆ, ಒಂದರಿಂದ ಆರರ ತನಕ ವೇಗದ ಚಕ್ರ, 0–800 ಸುತ್ತು, ಬಹುತೇಕ ಒಂದೇ ಗೇರು. ಮನೆಯ ಕೆಲಸಕ್ಕೆ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಸ್ಟಿಕ್ಕರ್ ಓದುವುದು ಬಿಟ್ಟು ವೈರ್ ನೋಡಿ: 2100 ವ್ಯಾಟ್ ನಿಜವಾದರೆ 9 ಆಂಪಿಯರ್ ಎಳೆಯಬೇಕು, ಅದಕ್ಕೆ ಮೊಬೈಲ್ ಚಾರ್ಜರಿನಂಥ ಸಣ್ಣ ವೈರು, 6 ಆಂಪಿಯರಿನ ಎರಡು ಪಿನ್ ಪ್ಲಗ್ ಇದ್ದರೆ ಒಳಗಿನ ಮೋಟಾರ್ ಬೇರೆಯೇ ಕಥೆ ಹೇಳುತ್ತದೆ. ಇದನ್ನು 1000–1200 ವ್ಯಾಟಿನದೆಂದೇ ಭಾವಿಸಿ ಅಷ್ಟೇ ಹೊರೆ ಹಾಕಿ. ವೇಗದ ಚಕ್ರವನ್ನು ಒಂದು, ಎರಡರಲ್ಲಿಟ್ಟು ಗಟ್ಟಿ ಮಾಲು ಕಲಸಿದರೆ ಡ್ರಿಲ್ಲಿನ ಕಷ್ಟವೇ ಇಲ್ಲಿಯೂ, ಏಕೆಂದರೆ ಚಕ್ರ ಇಳಿಸುವುದು ಮೋಟಾರಿನ ವೇಗವನ್ನು. ಪುಡಿ ಬೀಳುವಾಗ ನಿಧಾನ, ಆಮೇಲೆ ಮೂರು–ನಾಲ್ಕರಲ್ಲಿ. ಮೊದಲು ಕೆಡುವುದು ಸಾಮಾನ್ಯವಾಗಿ ಈ ವೇಗದ ಬೋರ್ಡು ಅಥವಾ ಸಿಮೆಂಟ್ ಧೂಳು ಹೊಕ್ಕ ಸ್ವಿಚ್.

*ಎರಡು ಗೇರಿನ, ಸರ್ವಿಸ್ ಸಿಗುವ ಕಂಪನಿಯ ಮಿಕ್ಸರ್.* 1200ರಿಂದ 1600 ವ್ಯಾಟ್, ತೂಕ ಐದು ಕೆಜಿಯ ಆಸುಪಾಸು, ಬೆಲೆ ಹೆಸರಿಲ್ಲದ್ದರ ಎರಡು–ಮೂರು ಪಟ್ಟು. ಮೊದಲ ಗೇರಿನಲ್ಲಿ ಗಾರೆ, ಟೈಲ್ ಅಂಟು. ಎರಡನೆಯದರಲ್ಲಿ ಪುಟ್ಟಿ, ಬಣ್ಣ. ಮೆಲ್ಲಗೆ ಶುರುವಾಗುವುದರಿಂದ ಮೊದಲ ಹೊಡೆತಕ್ಕೆ ಪುಡಿ ಹಾರುವುದಿಲ್ಲ, ಕೈಗೂ ಜಗ್ಗುವುದಿಲ್ಲ. ಇಡೀ ಮನೆಯ ಪುಟ್ಟಿ, ಮೂರು ನಾಲ್ಕು ಬಾತ್‌ರೂಮಿನ ಟೈಲ್, ಅಥವಾ ಪೇಂಟಿಂಗ್ ಕಂಟ್ರಾಕ್ಟ್ ಹಿಡಿಯುವವರು ಇದಕ್ಕಿಂತ ಕಡಿಮೆಯದು ಕೊಂಡು ಉಳಿಸುವುದೇನೂ ಇಲ್ಲ. ಒಂದೇ ಮನೆಗಾದರೆ ಬಾಡಿಗೆ ವಿಚಾರಿಸಿ: ನಿಮಗೆ ಬೇಕಾದ ದಿನಗಳ ಬಾಡಿಗೆ ಹೊಸದರ ಬೆಲೆಯ ಅರ್ಧ ದಾಟಿದರೆ ಕೊಳ್ಳುವುದು, ದಾಟದಿದ್ದರೆ ಬಾಡಿಗೆ. ಬಾಡಿಗೆ ಲೆಕ್ಕ ಹಾಕುವಾಗ ಪುಟ್ಟಿ ಎರಡು ಕೋಟು, ನಡುವೆ ಒಣಗುವ ದಿನಗಳು ಇರುವುದನ್ನು ಮರೆಯಬೇಡಿ. ಮಿಷನ್ ಮೂಲೆಯಲ್ಲಿ ಕೂತಿದ್ದರೂ ಮೀಟರ್ ಓಡುತ್ತಿರುತ್ತದೆ.

*ಬ್ಯಾಟರಿಯವು.* 18 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್ ಮೊದಲ ಗೇರಿನಲ್ಲಿ 450–500 ಸುತ್ತೇ ಹೊಡೆಯುವುದರಿಂದ ಅಚ್ಚರಿಯ ಮಟ್ಟಿಗೆ ಹೊಂದುತ್ತದೆ. ಆದರೆ 5 ಆಂಪಿಯರ್–ಅವರ್ ಬ್ಯಾಟರಿಯಲ್ಲಿರುವುದು 90 ವ್ಯಾಟ್–ಅವರ್. 500 ವ್ಯಾಟ್ ಎಳೆದರೆ ಹತ್ತು ನಿಮಿಷ. ಅಲ್ಲಲ್ಲಿ ತೇಪೆ ಹಾಕುವವರಿಗೆ ಸಾಕು.

*ಜೋಡಿ ರಾಡಿನವು.* ಎರಡು ರಾಡ್ ಎದುರುಬದುರು ತಿರುಗುವುದರಿಂದ ಕೈಗೆ ತಿರುಚು ಬರುವುದಿಲ್ಲ. ಭಾರ, ದುಬಾರಿ. ಮನೆಗೆ ಬೇಕಿಲ್ಲ.

ಇನ್ನೊಂದು ಆಯ್ಕೆಯಲ್ಲದ ಆಯ್ಕೆಯೂ ಇದೆ. ದೊಡ್ಡ ಮಿಕ್ಸರಿನ ರಾಡಿನ ಮರೆ (ತಿರುಗಿಸಿ ಕೂರಿಸುವ ಸ್ಕ್ರೂ ಸುರುಳಿ) ಎಂ14, ಅಂದರೆ 14 ಮಿ.ಮೀ. ಅಳತೆಯದು. ಐದು ಇಂಚಿನ ಆಂಗಲ್ ಗ್ರೈಂಡರಿನ ಮರೆಯೂ ಎಂ14ರದ್ದೇ ಇರುತ್ತದೆ, ಎರಡೂ ಸಲೀಸಾಗಿ ಕೂರುತ್ತವೆ. ಗ್ರೈಂಡರ್ ತಿರುಗುವುದು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಹತ್ತಿರ. ಅರ್ಧ ಮೀಟರ್ ಉದ್ದದ ರಾಡ್ ಆ ವೇಗಕ್ಕೆ ಬಾಗಿ ಚಾವಟಿಯಾಗುತ್ತದೆ. ಕೂರುತ್ತದೆ ಅಂತ ಯಾರೂ ಕೂರಿಸಬಾರದು.

ರಾಡ್ ಸರಿ ಇಲ್ಲದಿದ್ದರೆ ಮಿಷನ್ ಯಾವುದಾದರೇನು

ಪೆಟ್ಟಿಗೆಯಲ್ಲಿ ಬರುವ ರಾಡ್ ಹೆಚ್ಚಾಗಿ ಬಣ್ಣದ್ದು, ಗಾರೆಯದ್ದಲ್ಲ. ಗುರುತು ಹಿಡಿಯುವುದು ಸುಲಭ: ಅಲಗು ಡ್ರಿಲ್ ಬಿಟ್ಟಿನ ಸುರುಳಿಯ ದಿಕ್ಕಿಗೇ ತಿರುಚಿದ್ದರೆ ಅದು ಮಾಲನ್ನು ತಳದಿಂದ ಮೇಲೆತ್ತುತ್ತದೆ. ಮರಳು, ಟೈಲ್ ಅಂಟು, ರೆಡಿಮಿಕ್ಸ್‌ಗೆ ಇದೇ ಬೇಕು, ಇಲ್ಲವಾದರೆ ಮೇಲೆ ನೀರು ಆಡುತ್ತದೆ, ತಳದಲ್ಲಿ ಒಣ ಮರಳು ಹಾಗೇ ಉಳಿದಿರುತ್ತದೆ. ಎದುರು ದಿಕ್ಕಿಗೆ ತಿರುಚಿದ್ದು ಮೇಲಿನದನ್ನು ಕೆಳಕ್ಕೆ ತಳ್ಳುತ್ತದೆ. ಬಣ್ಣ, ಸ್ಲರಿ, ತೆಳು ಪುಟ್ಟಿ ಎರಚದೆ ಕಲೆಯುತ್ತವೆ. ಅಗಲ ಬಕೆಟ್ ಬಾಯಿಯ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬಾರದು. ಪೇಂಟ್ ಬಕೆಟ್‌ಗೆ 100–120 ಮಿ.ಮೀ. ಸರಿ, 140 ಹಾಕಲು 1400 ನಿಜವಾದ ವ್ಯಾಟ್ ಬೇಕು. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿದ ಕೆಸರು ಕಲಸುವವರು ಯಾವ ರಾಡನ್ನೂ ನಂಬಬೇಡಿ, ಹುಲ್ಲು ಸುತ್ತಿಕೊಂಡು ನಿಂತೇ ಹೋಗುತ್ತದೆ. ಅದಕ್ಕೆ ಕಾಲಿನಲ್ಲಿ ತುಳಿಯುವುದೇ ಸರಿ.

ಕಲಸುವ ಕ್ರಮ ಎಲ್ಲ ಮಿಷನ್ನಿಗೂ ಒಂದೇ. ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದರೆ ತಳದ ಮೂಲೆಯಲ್ಲಿ ಒಣ ಉಂಡೆ ಕೂರುತ್ತದೆ, ರಾಡ್ ಅಲ್ಲಿಗೆ ತಲುಪುವುದಿಲ್ಲ. ಮರಳಿನ ಗಾರೆಗೆ ನೀರಿನ ಮೂರರಲ್ಲಿ ಎರಡು ಪಾಲು, ಅದಕ್ಕೆ ಸಿಮೆಂಟ್ ಹಾಕಿ ಹಾಲಿನಂತೆ ಮಾಡಿ, ಮರಳನ್ನು ಮೂರು ಕಂತಿನಲ್ಲಿ ಸೇರಿಸಿ, ಉಳಿದ ನೀರಿನಿಂದ ಹದಕ್ಕೆ ತನ್ನಿ. ಪುಟ್ಟಿಯನ್ನು ಕಲಸಿ ಹತ್ತು ನಿಮಿಷ, ಟೈಲ್ ಅಂಟನ್ನು ಐದು ನಿಮಿಷ ಬಿಟ್ಟು ಮತ್ತೆ ಅರ್ಧ ನಿಮಿಷ ತಿರುಗಿಸಿ. ಜಿಪ್ಸಮ್‌ಗೆ ಈ ಕಾಯುವಿಕೆ ಇಲ್ಲ, ಎರಡು ನಿಮಿಷದೊಳಗೆ ಮುಗಿಸಿ ಗೋಡೆಗೆ. ಹಿಂದಿನ ಸಲದ ಗಟ್ಟಿ ಜಿಪ್ಸಮ್ ಚೂರು ಬಕೆಟ್ ಅಂಚಿನಲ್ಲೋ ರಾಡ್ ಮೇಲೋ ಉಳಿದಿದ್ದರೆ ಹೊಸದು ಅರ್ಧ ಹೊತ್ತಿನಲ್ಲೇ ಹಿಡಿದುಕೊಳ್ಳುತ್ತದೆ. ಮಾಲು ಸರಿ ಇಲ್ಲ ಅಂತ ಅಂಗಡಿಯವರ ಜೊತೆ ಜಗಳವಾಡುವ ಮೊದಲು ಬಕೆಟ್ ತೊಳೆದಿದೆಯೇ ನೋಡಿ. ಪ್ರತಿ ಸಲ ಕಲಸಿದ ಕೂಡಲೇ ಪಕ್ಕದ ನೀರಿನ ಬಕೆಟ್‌ನಲ್ಲಿ ರಾಡನ್ನು ಹತ್ತು ಸೆಕೆಂಡ್ ತಿರುಗಿಸಿದರೆ ಮುಗಿಯಿತು.

ಬಕೆಟನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿಯಿರಿ. ರಾಡ್ ಮುಳುಗಿದ ಮೇಲೆ ಆನ್, ಆಫ್ ಆಗಿ ನಿಂತ ಮೇಲೆ ಮೇಲೆತ್ತುವುದು. ಕತ್ತಿಗೆ ಹಾಕಿದ ಟವೆಲ್, ಸಡಿಲ ಪಂಚೆ, ಸೆರಗು, ದುಪಟ್ಟಾ ಹತ್ತಿರ ಸುಳಿಯಬಾರದು.

ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಪೇಟೆಯಲ್ಲಾಗಲಿ ಪೆಟ್ಟಿಗೆ ಬಿಚ್ಚಿಸಿ ನೋಡಿ. ಕೈಯಲ್ಲಿ ಎತ್ತಿ, ರಾಡ್ ಸಮೇತ ಸೊಂಟದ ಎತ್ತರಕ್ಕೆ ಎರಡು ನಿಮಿಷ ಹಿಡಿದುಕೊಳ್ಳಿ. ಭುಜ ಈಗಲೇ ಸೋತರೆ ಹತ್ತನೇ ಬಕೆಟ್‌ಗೆ ಏನಾದೀತು? ಐದೂಕಾಲು ಅಡಿಯವರಿಗೂ ಆರಡಿಯವರಿಗೂ ಒಂದೇ ರಾಡಿನ ಉದ್ದ ಒಗ್ಗುವುದಿಲ್ಲ, ಬೆನ್ನು ಬಾಗದೆ ರಾಡಿನ ತುದಿ ಬಕೆಟ್‌ನ ತಳ ಮುಟ್ಟಬೇಕು. ರಾಡ್ ಹಾಕಿಸಿ ಖಾಲಿ ಓಡಿಸಿದಾಗ ತುದಿ ಕಣ್ಣಿಗೆ ಕಾಣುವಷ್ಟು ತೂರಾಡಿದರೆ ಬೇರೆ ರಾಡ್ ಕೇಳಿ, ಅದೂ ತೂರಾಡಿದರೆ ಸೊಟ್ಟಗಿರುವುದು ಶಾಫ್ಟ್. ಆಮೇಲೆ ಮೋಟಾರಿನ ಎರಡು ಪಕ್ಕದ ಸಣ್ಣ ಮುಚ್ಚಳ ನೋಡಿ: ಸ್ಕ್ರೂ ಡ್ರೈವರಿನಿಂದ ಬಿಚ್ಚಿ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ, ಸವೆದುಹೋಗುವ ತುಂಡು) ಬದಲಿಸುವ ಜಾಗ ಅದು. ಅದೇ ಅಳತೆಯ ಒಂದು ಜೊತೆ ಕಾರ್ಬನ್ ಬಿಲ್ಲಿನಲ್ಲೇ ಸೇರಿಸಿಕೊಳ್ಳಿ. ಅದು ಸಿಗಲ್ಲ, ಕೆಟ್ಟರೆ ಹೊಸ ಮಿಷನ್ನೇ ತಗೊಳ್ಳಬೇಕು ಅಂದರೆ, ರೇಟು ಎಷ್ಟು ಇಳಿಸಿದರೂ ಪಕ್ಕದ ಅಂಗಡಿಗೆ ನಡೆಯಿರಿ.